ಚಳಿಗೆ ಬ್ಯಾಟರಿ ಮಲಗಿತೇ? ಧಕ್ಕಾ, ಕೇಬಲ್, ಬೂಸ್ಟರ್, ಚಾರ್ಜರ್: ಯಾವುದು ಸರಿ?

ಪುಣೆಯ ಚಳಿಯ ಸುದ್ದಿ ಕೇಳಿದರೆ ಹಿಮಾಚಲದವರು ನಕ್ಕಾರು. ಆದರೂ ಡಿಸೆಂಬರ್, ಜನವರಿಯಲ್ಲಿ ಪಾಷಾಣ್, ಶಿವಾಜಿನಗರದ ಕಡೆ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆ ವಾರ ನಮ್ಮ ಸೊಸೈಟಿಯ ಬೇಸ್‌ಮೆಂಟಿನಲ್ಲಿ ಒಂದಲ್ಲ ಒಂದು ಕಾರು ಕಟ್ ಕಟ್ ಅನ್ನುತ್ತಾ ನಿಂತೇಬಿಡುತ್ತದೆ. ಚಳಿಗೆ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಎಂಜಿನ್ ಆಯಿಲ್ ಮಂದವಾಗಿ ಸೆಲ್ಫ್ ಮೋಟರಿಗೆ ಮಾತ್ರ ಕರೆಂಟು ಜಾಸ್ತಿ ಬೇಕು. ಹಾಗಂತ ಇಲ್ಲಿನ ಚಳಿಯನ್ನೇ ಬೈಯಬೇಡಿ. ಬ್ಯಾಟರಿಯನ್ನು ಒಳಗಿಂದ ತಿಂದು ಹಾಕಿರುವುದು ಏಪ್ರಿಲ್, ಮೇ ಬಿಸಿಲು. ಮೇಲಿಂದ ವರ್ಕ್ ಫ್ರಮ್ ಹೋಮ್ ಅಂತ ಗಾಡಿ ವಾರಗಟ್ಟಲೆ ನಿಂತಲ್ಲೇ ನಿಂತಿರುತ್ತದೆ.

ನಮ್ಮದು ಮ್ಯಾನ್ಯುವಲ್ ಗೇರಿನ ಸಣ್ಣ ಪೆಟ್ರೋಲ್ ಕಾರು, 35 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ. ದೀಪಾವಳಿಗೆ ರೈಲು ಹತ್ತಿ ಧಾರವಾಡಕ್ಕೆ ಹೋದರೆ ಕಾರಿಗೆ ಪೂರ್ತಿ ರಜೆ. ಹಾಗಾಗಿ ಈ ಎಲ್ಲ ದಾರಿಗಳನ್ನೂ ನೋಡಿದ್ದಾಗಿದೆ.

ಮೊದಲು ಖರ್ಚಿಲ್ಲದ್ದು. ಬಾನೆಟ್ ಎತ್ತಿದ್ದು ಕಂಡರೆ ಸಾಕು, ವಾಚ್‌ಮನ್ ಕಾಕಾ "ಧಕ್ಕಾ ಮಾರೂ ಕಾ?" (ತಳ್ಳಲಾ?) ಅಂತ ತೋಳೇರಿಸಿಕೊಂಡು ಬರುತ್ತಾರೆ. ಕೀ ಆನ್ ಮಾಡಿ, ಕ್ಲಚ್ ಒತ್ತಿ, ಎರಡನೇ ಗೇರಿಗೆ ಹಾಕಿ, ಗಾಡಿ ಓಡತೊಡಗಿದ ಮೇಲೆ ಕ್ಲಚ್ ಬಿಟ್ಟರೆ ಹೊತ್ತಿಕೊಳ್ಳುತ್ತದೆ. ರಸ್ತೆಯಲ್ಲಿ ಇದು ಸಲೀಸು. ಬೇಸ್‌ಮೆಂಟಿನಲ್ಲಿ ನನಗೆ ಇಷ್ಟವಿಲ್ಲ. ರ‍್ಯಾಂಪ್ ಇರುವುದು ಮೇಲಕ್ಕೆ, ಅಲ್ವಾ? ಉಳಿದ ಜಾಗದ ತುಂಬ ಕಂಬಗಳು. ಎಂಜಿನ್ ಆಫ್ ಇದ್ದಾಗ ಸ್ಟೀರಿಂಗ್ ಕಲ್ಲಿನ ಹಾಗೆ, ಬ್ರೇಕೂ ಬಿಗಿ. ಡ್ಯಾಶ್‌ಬೋರ್ಡ್ ದೀಪವೇ ಹತ್ತದಷ್ಟು ಬ್ಯಾಟರಿ ಇಳಿದಿದ್ದರೆ ಪೆಟ್ರೋಲ್ ಪಂಪಿಗೂ ಕರೆಂಟಿಲ್ಲ, ತಳ್ಳಿದ್ದೆಲ್ಲ ಸುಮ್ನೆ. ಆಟೋಮ್ಯಾಟಿಕ್ ಕಾರಿನವರು ಈ ದಾರಿ ಮರೆತುಬಿಡಿ.

ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟು ತರುವ ಜಂಪರ್ ಕೇಬಲ್ ಅಗ್ಗ, ಹಳೆಯ ನಂಬಿಕಸ್ಥ ದಾರಿ. ಆದರೆ ಅಂಗಡಿಯಲ್ಲಿ ಸಿಗುವುದರಲ್ಲಿ ಅರ್ಧಕ್ಕರ್ಧ ವೇಷ. ನಾನು ಮೊದಲು ತಂದ ಕೇಬಲಿನ ಮೇಲೆ 500 ಆಂಪ್ ಅಂತ ದೊಡ್ಡದಾಗಿ ಬರೆದಿತ್ತು. ಹೆಬ್ಬೆರಳಿನಷ್ಟು ದಪ್ಪ. ಕ್ಲಿಪ್ಪಿನ ಹತ್ತಿರ ಸಿಪ್ಪೆ ಸರಿಸಿ ನೋಡಿದರೆ ದಪ್ಪವೆಲ್ಲ ಪ್ಲಾಸ್ಟಿಕ್ಕು. ಒಳಗೆ ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಎಳೆಗಳು, ಟೇಬಲ್ ಫ್ಯಾನಿನ ವೈರಿನಷ್ಟು. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾಯಿತೇ ಹೊರತು ಎಂಜಿನ್ ತಿರುಗಲಿಲ್ಲ. ಆಮೇಲೆ ತಂದ 16 ಚದರ ಮಿಲಿಮೀಟರಿನ ಶುದ್ಧ ತಾಮ್ರದ್ದು ಒಂದೇ ಏಟಿಗೆ ಎತ್ತಿತು. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ. ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರಬಹುದು, ಅಲ್ಲಿ ಕಿಡಿ ಹಾರಬಾರದು. ಇಷ್ಟಾದರೂ ದೊಡ್ಡ ತೊಡಕು ಬೇರೆಯೇ: ಇನ್ನೊಂದು ಕಾರನ್ನು ಹತ್ತಿರ ತರುವುದು. ಗೋಡೆಗೆ ಮುಖ ಮಾಡಿ ನಿಂತ ಕಾರಿಗೆ ಕೇಬಲ್ ಮುಟ್ಟುವುದೇ ಇಲ್ಲ.

ಅದಕ್ಕೇ ಬೇಸ್‌ಮೆಂಟಿನಲ್ಲಿ ಗೆಲ್ಲುವುದು ಕೈಯಲ್ಲಿ ಹಿಡಿಯುವ, ಪವರ್ ಬ್ಯಾಂಕಿನಂಥ ಲಿಥಿಯಂ ಬೂಸ್ಟರ್. ಇನ್ನೊಂದು ಕಾರು ಬೇಡ, ಪಕ್ಕದ ಮನೆಯವರನ್ನು ಎಬ್ಬಿಸಬೇಕಿಲ್ಲ. ಒಳ್ಳೆಯದಕ್ಕೆ ಹೊಸ ಬ್ಯಾಟರಿಯಷ್ಟೇ ದುಡ್ಡಾಗಬಹುದು, ಅದೊಂದು ಬೇಜಾರು. ಬ್ಯಾಟರಿ ತೀರಾ ಇಳಿದಿದ್ದರೆ ಬೂಸ್ಟರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಆಗ ಬೂಸ್ಟ್ ಬಟನ್ ಒತ್ತಬೇಕು. ಎಷ್ಟೋ ಮಾಡೆಲ್‌ಗಳಲ್ಲಿ ಆ ಬಟನ್ ಒತ್ತಿದರೆ ಪ್ಲಸ್-ಮೈನಸ್ ತಿರುಗುಮುರುಗಾದರೂ ತಡೆಯುವ ರಕ್ಷಣೆ ಕೆಲಸ ಮಾಡುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಎರಡೆರಡು ಸಲ ನೋಡಿಕೊಳ್ಳಿ. ಬೂಸ್ಟರನ್ನು ಕಾರಿನಲ್ಲೇ ಬಿಡಬೇಡಿ, ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಸೆಕೆ ಅದಕ್ಕೆ ಆಗಿಬರುವುದಿಲ್ಲ.

ಇನ್ಶೂರೆನ್ಸ್ ಜೊತೆ ಬರುವ ರೋಡ್‌ಸೈಡ್ ಸಹಾಯದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಬೈಕಿನಲ್ಲಿ ಬಂದ ಹುಡುಗನ ಕೈಯಲ್ಲಿದ್ದದ್ದೂ ಇದೇ ಬೂಸ್ಟರ್. ಹೈವೇಯಲ್ಲಿ ನಿಂತುಹೋದರೆ ಅದೇ ಗತಿ. ಮನೆಯಲ್ಲಿ, ಆಫೀಸಿನ ಹೊತ್ತಿಗೆ, ಕಾಯುವುದು ನನಗಾಗದು.

ಮೇಲಿನವೆಲ್ಲ ಎಂಜಿನ್ ಎಬ್ಬಿಸುತ್ತವೆ, ಬ್ಯಾಟರಿ ತುಂಬಿಸುವುದಿಲ್ಲ. ಹತ್ತು ನಿಮಿಷ ಗಾಡಿ ಆನ್ ಇಟ್ಟರೆ ಚಾರ್ಜ್ ಆಗುತ್ತದೆ ಅನ್ನುವವರ ಮಾತು ಕೇಳಬೇಡಿ. ಎಂಜಿನ್ ತಿರುಗುವಾಗ ಬ್ಯಾಟರಿಗೆ ಕರೆಂಟು ಕೊಡುವ ಆಲ್ಟರ್ನೇಟರ್, ನಿಂತ ಗಾಡಿಯಲ್ಲಿ ಕೊಡುವುದೇ ಕಡಿಮೆ. ಲೋಣಾವಳದಷ್ಟು ದೂರ ಹೋಗಿಬಂದರೂ ಪೂರ್ತಿ ಇಳಿದ ಬ್ಯಾಟರಿ ತುಂಬುತ್ತದೆಂಬ ಖಾತ್ರಿಯಿಲ್ಲ. ನನ್ನ ಓಟು ಗೋಡೆಯ ಪ್ಲಗ್ಗಿಗೆ ಹಾಕುವ 4 ಆಂಪಿನ ಸ್ಮಾರ್ಟ್ ಚಾರ್ಜರಿಗೆ. ನಮ್ಮ ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟಿಲ್ಲ, ಹಾಗಾಗಿ ಬ್ಯಾಟರಿ ಬಿಚ್ಚಿ ಮೇಲಕ್ಕೆ ಹೊರಬೇಕು. 10 ನಂಬರ್ ಪಾನಾ ಸಾಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮುಚ್ಚಿದ ಕೋಣೆ ಬೇಡ, ಗಾಳಿಯಾಡುವ ಬಾಲ್ಕನಿಯಲ್ಲಿ ರಾತ್ರಿಯಿಡೀ ಇಡಿ. ಗಡಿಯಾರ ಮತ್ತೆ ಹೊಂದಿಸುವ ಕಿರಿಕಿರಿಯೊಂದಿದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಹುಡಿ ಕೂತಿದ್ದರೆ ಕೈ ತಾಗಿಸದೆ ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ವ್ಯಾಸಲಿನ್ ಸವರಿ.

ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ವೋಲ್ಟ್ ಅಳೆಯುವ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಬಿಚ್ಚಿಟ್ಟ ಬ್ಯಾಟರಿ ಮರುದಿನವೇ ಅಲ್ಲಿಗಿಳಿದರೆ ಅದರ ಆಯುಸ್ಸು ಮುಗಿದಿದೆ. ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಮುರಿಸಿಕೊಳ್ಳಿ. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುವ ಕಾರಿದ್ದರೆ ಮಾಮೂಲಿ ಬ್ಯಾಟರಿ ನಡೆಯುವುದಿಲ್ಲ. ಅಂಥ ಕಾರಿಗೆಂದೇ ಇರುವ ಎರಡು ಬಗೆಯಲ್ಲಿ ಮೊದಲಿದ್ದದ್ದು ಇಎಫ್‌ಬಿಯೋ ಎಜಿಎಮ್ಮೋ ನೋಡಿಕೊಂಡು ಅದನ್ನೇ ಕೇಳಿ.