ಓಪನ್‌ಇಎಚ್‌ಆರ್ ಆಧಾರಿತ ರೋಗಿ ದಾಖಲೆ ತಂತ್ರಾಂಶ: ಕೋಲಾರದ ವೈದ್ಯನೊಬ್ಬನ ವಿಮರ್ಶೆ

ಕೋಲಾರ ಜಿಲ್ಲೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಓಪನ್‌ಇಎಚ್‌ಆರ್ (ರೋಗಿಯ ದಾಖಲೆಯನ್ನು ಕಂಪ್ಯೂಟರಿನಲ್ಲಿ ಯಾವ ರೂಪದಲ್ಲಿ ಇಡಬೇಕೆಂದು ಹೇಳುವ ಮುಕ್ತ ಮಾನದಂಡ) ಆಧರಿಸಿದ ತಂತ್ರಾಂಶವನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಲು ಇದರಲ್ಲಿ ಜಾಗವಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು.

ಮೊದಲಿದ್ದ ತಂತ್ರಾಂಶದಲ್ಲಿ ತೂಕ ತುಂಬದಿದ್ದರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಜನಜಂಗುಳಿಯ ದಿನ ತೂಕದ ಯಂತ್ರದ ಮುಂದೆ ಎಲ್ಲರನ್ನೂ ನಿಲ್ಲಿಸಲು ಆಗುತ್ತದೆಯೇ? ದಾಖಲೆಯ ತುಂಬ 50 ಕೆ.ಜಿ.ಯವರೇ ಆದರು. ಹುಟ್ಟಿದ ದಿನ ತಿಳಿಯದ ಅಜ್ಜಿಯರೆಲ್ಲ ಜನವರಿ 1ರಂದೇ ಹುಟ್ಟಿದರು. ಈಗ ಇಸವಿಯೊಂದನ್ನೇ ಬರೆದರೂ ದಿನಾಂಕ ಊರ್ಜಿತ. ಮೌಲ್ಯ ಇಲ್ಲದಿದ್ದರೆ ಏಕೆ ಇಲ್ಲ ಎಂಬುದನ್ನೂ ದಾಖಲಿಸಬಹುದು: ತಿಳಿದಿಲ್ಲ, ಅನ್ವಯಿಸುವುದಿಲ್ಲ, ಗೋಪ್ಯ ಹೀಗೆ.

ಇಲ್ಲಿ ಪ್ರತಿ ವೈದ್ಯಕೀಯ ವಿಷಯಕ್ಕೂ ‘ಆರ್ಕಿಟೈಪ್’ ಎಂಬ ಮಾದರಿ ಇರುತ್ತದೆ; ಏನೇನು ದಾಖಲಿಸಬಹುದು, ಯಾವ ಮಿತಿಯೊಳಗೆ ಎಂಬುದನ್ನು ಅದು ಹೇಳುತ್ತದೆ. ರಕ್ತದೊತ್ತಡದ ಮಾದರಿಯಲ್ಲಿ ಮೇಲಿನ, ಕೆಳಗಿನ ಅಂಕಿಗಳ ಜೊತೆಗೆ ರೋಗಿ ಕುಳಿತಿದ್ದರೋ ಮಲಗಿದ್ದರೋ, ತೋಳಿಗೆ ಸುತ್ತುವ ಪಟ್ಟಿಯ (ಕಫ್) ಅಳತೆ ಎಷ್ಟು, ಯಾವ ತೋಳು ಎಂಬುದಕ್ಕೂ ಜಾಗವಿದೆ. ಅಂಕಿ 0ಯಿಂದ 1000ದ ಒಳಗಿರಬೇಕು. ನರ್ಸ್ ಅವಸರದಲ್ಲಿ 120/80 ಬದಲು 12080 ಒತ್ತಿದರೆ ತಂತ್ರಾಂಶ ಒಪ್ಪುವುದಿಲ್ಲ. 800 ಎಂದರೆ ಮಾತ್ರ ಒಪ್ಪಿಬಿಡುತ್ತದೆ! ಆರ್ಕಿಟೈಪ್ ಎಲ್ಲ ದೇಶಗಳಿಗೂ ಎಲ್ಲ ವಿಭಾಗಗಳಿಗೂ ಸಲ್ಲಬೇಕಾದ್ದರಿಂದ ಅದನ್ನು ಸಡಿಲವಾಗಿಯೇ ಹೆಣೆದಿರುತ್ತಾರೆ. ಬಿಗಿ ಮಾಡುವುದು ಟೆಂಪ್ಲೇಟಿನ ಕೆಲಸ, ಅಂದರೆ ಆರ್ಕಿಟೈಪ್‌ಗಳನ್ನು ಜೋಡಿಸಿ ನಮ್ಮ ವಿಭಾಗಕ್ಕೆ ತಕ್ಕಂತೆ ಮಾಡಿಕೊಂಡ ನಮೂನೆಯದು. ಹೊರರೋಗಿ ವಿಭಾಗದ ಟೆಂಪ್ಲೇಟಿನಲ್ಲಿ ಮಿತಿಗಳನ್ನು ಬಿಗಿ ಮಾಡಿದೆವು. ತುರ್ತು ಚಿಕಿತ್ಸೆಯಲ್ಲಿ ಹಾಗೆ ಮಾಡಲಿಲ್ಲ. ಕೀಟನಾಶಕ ಕುಡಿದು ಬಂದವರ ನಾಡಿಯೇ ಸಿಗದಿರುವಾಗ ಯಂತ್ರ ‘ಸರಿಯಾದ ಅಂಕಿ ಕೊಡಿ’ ಎಂದು ಹಟ ಹಿಡಿಯಬಾರದು.

ನಮ್ಮ ಜಿಲ್ಲೆಗೆ ಇದು ನಿಜಕ್ಕೂ ಒದಗಿಬಂದದ್ದು ಫ್ಲೋರೋಸಿಸ್ ವಿಷಯದಲ್ಲಿ, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ, ಕೀಲುಗಳು ಕೆಡುವ ಕಾಯಿಲೆಯಲ್ಲಿ. ಇಲ್ಲಿನ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಹಲ್ಲಿನ ಕಲೆ ಎಷ್ಟು ತೀವ್ರ ಎಂದು ಅಳೆಯುವ ಡೀನ್ ಸೂಚ್ಯಂಕದ ದರ್ಜೆಗಳನ್ನೂ, ಕುಡಿಯುವ ನೀರಿನ ಮೂಲಕ್ಕೆ ಕೊಳವೆಬಾವಿ, ಶುದ್ಧ ನೀರಿನ ಘಟಕ, ಟ್ಯಾಂಕರ್ ಎಂಬ ಪಟ್ಟಿಯನ್ನೂ ಸೇರಿಸಿದೆವು. ಮೂಲ ತಂತ್ರಾಂಶವನ್ನು ಬಿಚ್ಚುವ ಗೋಜೇ ಬರಲಿಲ್ಲ. ದತ್ತಾಂಶದ ಅಡಿಪಾಯ ಬೇರೆ, ವೈದ್ಯಕೀಯ ಮಾದರಿ ಬೇರೆ ಎಂದು ಎರಡು ಸ್ತರಗಳಲ್ಲಿ ಕಟ್ಟಿರುವುದರ ಫಲ ಇದು. ಮಂಡಿನೋವೆಂದು ಬಂದವರ ದಾಖಲೆಯಲ್ಲೇ ಅವರು ಯಾವ ನೀರು ಕುಡಿಯುತ್ತಾರೆಂಬುದು ಕಾಣುವಾಗ ನಾನು ಕೇಳುವ ಪ್ರಶ್ನೆಗಳೇ ಬದಲಾಗುತ್ತವೆ.

ಕೊರತೆಗಳೂ ಇವೆ. ಟೆಂಪ್ಲೇಟಿನಲ್ಲಿ ಒಂದು ಸಾಲು ತಿದ್ದಬೇಕಾದರೂ ಬೆಂಗಳೂರಿನಿಂದ ಪರಿಣತರೇ ಕೈಹಾಕಬೇಕು, ವಾರಗಳು ಉರುಳುತ್ತವೆ. ನಮಗೆ ಬಂದ ಮಾದರಿಗಳಲ್ಲಿ ಕನ್ನಡ ಇರಲಿಲ್ಲ, ಪರದೆಯ ಹೆಸರುಗಳನ್ನು ನಾವೇ ಬರೆದೆವು. ಇನ್ನು ಆರೋಗ್ಯ ದಾಖಲೆಗಳನ್ನು ಜೋಡಿಸುವ ಕೇಂದ್ರ ಸರ್ಕಾರದ ಯೋಜನೆಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಳಸುವುದು ಎಫ್‌ಎಚ್‌ಐಆರ್ ಎಂಬ ಬೇರೆ ದಾಖಲೆ-ವಿನಿಮಯ ಮಾನದಂಡವನ್ನು. ನಮ್ಮ ದಾಖಲೆ ಅಲ್ಲಿಗೆ ಹೋಗಬೇಕಾದರೆ ಒಂದೊಂದು ಅಂಶವನ್ನೂ ಹೊಂದಿಸಬೇಕು. ರೋಗಿ ಕುಳಿತಿದ್ದರೇ ಎಂಬಂಥ ವಿವರ ಅಲ್ಲಿನ ಮೂಲ ರೂಪದಲ್ಲಿಲ್ಲ, ವಿಸ್ತರಣೆ ಬೇಕಾಗುತ್ತದೆ. ನಮ್ಮ ಮಾರಾಟಗಾರರು ಇದನ್ನು ಮೊದಲೇ ತಿಳಿಸಬೇಕಿತ್ತು.

ಒಬ್ಬರೇ ನಡೆಸುವ ಕ್ಲಿನಿಕ್ಕಿಗೆ ಇದು ಹೊರೆಯೇ. ಹಲವು ವಿಭಾಗಗಳಿರುವ ಆಸ್ಪತ್ರೆಯವರು ಧೈರ್ಯವಾಗಿ ಕೊಳ್ಳಬಹುದು. ಆದರೆ ಯಾವ ಅಂಶ ಕಡ್ಡಾಯ ಎಂದು ತೀರ್ಮಾನಿಸುವ ದಿನ ನರ್ಸ್‌ಗಳನ್ನು ಜೊತೆಗೆ ಕೂರಿಸಿಕೊಳ್ಳಿ. ನಮ್ಮಲ್ಲಿ ತೂಕವನ್ನು ಮಕ್ಕಳ ವಿಭಾಗದಲ್ಲಿ ಮಾತ್ರ ಕಡ್ಡಾಯ ಮಾಡಿ ಎಂದವರು ಅವರೇ.