ಮಲ್ಪೆ, ಪಡುಕೆರೆ, ಕೋಡಿಬೆಂಗ್ರೆ: ದಡದ ಹಕ್ಕಿಗಳಿಗೆ ಯಾವ ತೀರ?

ರಜೆಗೆಂದು ಉಡುಪಿಗೆ ಬಂದು, ಕಡಲ ದಡದ ವಲಸೆ ಹಕ್ಕಿಗಳನ್ನು ನೋಡಬೇಕೆನ್ನುವವರಿಗೆ ಹತ್ತಿರದಲ್ಲೇ ಮೂರು ತೀರಗಳಿವೆ. ಮೂರನ್ನೂ ಬೇರೆ ಬೇರೆ ಹೊತ್ತಿನಲ್ಲಿ, ಉಬ್ಬರದಲ್ಲೂ ಇಳಿತದಲ್ಲೂ ನೋಡಿದ ನನಗೆ, ಒಂದೇ ದಿನದ ಬಿಡುವಿದ್ದರೆ ಕೋಡಿಬೆಂಗ್ರೆಯೇ ಸರಿ ಎನಿಸಿದೆ.

ಮಲ್ಪೆಯ ಮುಖ್ಯ ಬೀಚಿನಲ್ಲಿ ಜನಸಂದಣಿ ಹೆಚ್ಚು. ಹಗಲೇರಿದ ಮೇಲೆ ಅಲ್ಲಿ ಹಕ್ಕಿಗಳು ನಿಲ್ಲುವುದಿಲ್ಲ. ಬೆಳಕು ಹರಿಯುವಾಗ ಮೀನುಗಾರಿಕಾ ಬಂದರಿನ ಕಡೆ ಗಲ್ ಎಂಬ ಕಡಲಹಕ್ಕಿಗಳೂ ಗರುಡಗಳೂ ಧಾರಾಳವಾಗಿ ಸಿಗುತ್ತವೆ, ಅಷ್ಟೆ.

ಸೇತುವೆ ದಾಟಿ ಪಡುಕೆರೆಗೆ ಹೋದರೆ ತೀರ ಉದ್ದವಾಗಿದೆ, ಜನ ವಿರಳ. ಹೊಸಬರು ಪುಟ್ಟ ಹಕ್ಕಿಗಳ ನಡಿಗೆಯನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಸ್ಯಾಂಡರ್ಲಿಂಗ್ ಹಿಂದೆ ಸರಿಯುವ ತೆರೆಯ ಬೆನ್ನಿಗೇ ಓಡಿ, ಒದ್ದೆ ಮರಳನ್ನು ಕುಕ್ಕಿ, ಮುಂದಿನ ತೆರೆ ಬರುವಷ್ಟರಲ್ಲಿ ಗುಂಪಾಗಿ ಮೇಲಕ್ಕೆ ಓಡಿಬರುತ್ತದೆ. ಸ್ಯಾಂಡ್ ಪ್ಲೋವರ್ ಹಾಗಲ್ಲ, ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಕಣ್ಣಿಗೆ ಬಿದ್ದುದನ್ನು ಬಾಗಿ ಹೆಕ್ಕುತ್ತದೆ. ಬೆಳಗಿನ ಬಿಸಿಲು ಬೆನ್ನ ಹಿಂದಿರುವುದರಿಂದ ಸ್ಯಾಂಡರ್ಲಿಂಗಿನ ಕಪ್ಪು ಕಾಲು, ಬಿಳಿ ಹೊಟ್ಟೆ ಸ್ಪಷ್ಟವಾಗಿ ಕಾಣುತ್ತವೆ. ಸಂಜೆ ಮಾತ್ರ ಸೂರ್ಯ ಕಡಲ ಮೇಲಿದ್ದು ಎಲ್ಲವೂ ಬರಿಯ ಕಪ್ಪು ನೆರಳಾಗುತ್ತದೆ.

ಕೋಡಿಬೆಂಗ್ರೆಯ ಹೆಚ್ಚುಗಾರಿಕೆ ಅಳಿವೆಯಲ್ಲಿದೆ. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವ ಇಲ್ಲಿ ಇಳಿತದ ವೇಳೆ ಮರಳುದಿಬ್ಬಗಳೂ ಕೆಸರೂ ಹೊರಬೀಳುತ್ತವೆ. ಕೆಸರಿನ ಹುಳು, ಏಡಿಗಳಿಗಾಗಿ ಉದ್ದ ಕೊಕ್ಕಿನ ವಿಂಬ್ರೆಲ್‌ನಿಂದ ಹಿಡಿದು ಗಿಡ್ಡ ಕೊಕ್ಕಿನ ಪ್ಲೋವರ್‌ವರೆಗೆ ಹಲವು ಬಗೆಯ ಹಕ್ಕಿಗಳು ಒಂದೆಡೆ ಸೇರುತ್ತವೆ. ನದಿ ಪೂರ್ವಕ್ಕಿರುವುದರಿಂದ ಪಡುಕೆರೆಯ ಕಡಲಂಚಿನಲ್ಲಿ ಕೈಕೊಡುವ ಸಂಜೆಯ ಬೆಳಕು ಇಲ್ಲಿ ಹಕ್ಕಿಗಳ ಮೇಲೆಯೇ ಬೀಳುತ್ತದೆ.

ಆದರೆ ಹೊತ್ತು ನೋಡಿ ಹೋಗಬೇಕು. ಉಬ್ಬರವಿಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನೀರು ಏರತೊಡಗಿದಾಗ ದಿಬ್ಬಗಳು ಕಿರಿದಾಗಿ, ಚದುರಿದ್ದ ಹಕ್ಕಿಗಳು ಉಳಿದ ಮರಳಿಗೆ ಒತ್ತಾಗಿ ಬರುವ ಆ ಅವಧಿಯನ್ನೇ ನಾನು ಆರಿಸಿಕೊಳ್ಳುತ್ತೇನೆ. ಪೂರ್ತಿ ಉಬ್ಬರದಲ್ಲಿ ಒಂಟಿಕಾಲಲ್ಲಿ ನಿಂತು ವಿಶ್ರಮಿಸುವ ಗುಂಪಿನ ಬಳಿಗೆ ಫೋಟೋಗಾಗಿ ನಡೆದುಹೋಗುವುದನ್ನು ದಯವಿಟ್ಟು ಬಿಡಿ: ಮಧ್ಯ ಏಷ್ಯಾದವರೆಗೆ ಮರಳಿ ಹಾರಬೇಕಾದ ಹಕ್ಕಿಗೆ ಪ್ರತಿ ಅನಗತ್ಯ ಹಾರಾಟವೂ ಕೂಡಿಟ್ಟ ಕೊಬ್ಬಿನ ನಷ್ಟ.

ಡಿಸೆಂಬರಿನಲ್ಲಿ ಹಕ್ಕಿಗಳ ಸಂಖ್ಯೆ ಹೆಚ್ಚು, ಬಣ್ಣ ಮಾಸಲು. ಏಪ್ರಿಲ್ ರಜೆಯ ಆರಂಭದಲ್ಲಿ ಬರುವವರಿಗೆ ಕಡಿಮೆ ಹಕ್ಕಿಗಳು ಸಿಕ್ಕರೂ, ಹೊರಡುವ ಮುನ್ನ ಇಟ್ಟಿಗೆಗೆಂಪಿನ ಎದೆ ಮೂಡಿದ ಸ್ಯಾಂಡ್ ಪ್ಲೋವರ್‌ಗಳು ಕಾಣಸಿಗಬಹುದು.