ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ಲ ಅಂದ್ರೆ ಮೊದಲು ಚಾರ್ಜರ್ ಬದ್ಲಿಸಿ ನೋಡಿ, ಇಲ್ಲಾಂದ್ರೆ ನನ್ನ ತರ 5,800 ಕಳ್ಕೋತೀರಿ

ಅಂಗಡಿ ಹೆಸ್ರು ಹಾಕಲ್ಲ, ಕಂಪ್ಲೇಂಟ್ ಕೊಟ್ಟಿದೀನಿ, ಅದು ಇತ್ಯರ್ಥ ಆಗ್ಲಿ. ಬೆಂಗಳೂರಲ್ಲಿ ಗಲ್ಲಿಗೊಂದು "ಚಿಪ್ ಲೆವೆಲ್ ಸರ್ವಿಸ್" ಅಂತ ಬೋರ್ಡ್ ಹಾಕ್ಕೊಂಡು ಕೂತಿದಾರಲ್ಲ, ಅಂಥ ಕಡೆ ಲ್ಯಾಪ್‌ಟಾಪ್ ಕೊಡೋ ಮುಂಚೆ ಇದನ್ನ ಓದ್ಬಿಡಿ. 5,800 ರೂಪಾಯಿ ಹೋಯ್ತು ನಂದು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರೀತಿರೋದು ಅವ್ನು ನನ್ನ ಕಣ್ಣೆದುರಿಗೇ ನಾಟಕ ಆಡಿ ಕಳ್ಸಿದ್ದಕ್ಕೆ.

ಪ್ರಾಬ್ಲಮ್ ಇಷ್ಟೇ. ಚಾರ್ಜರ್ ಹಾಕಿದ್ರೆ ಲ್ಯಾಪ್‌ಟಾಪ್ ಆರಾಮಾಗಿ ಓಡತ್ತೆ, ಬ್ಯಾಟರಿ ಮಾತ್ರ ಏರಲ್ಲ, ಮೂಲೇಲಿ "ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್" ಅಂತ ಬರತ್ತೆ, ಆನ್ ಮಾಡ್ದಾಗ ಅಡಾಪ್ಟರ್ ಯಾವ್ದು ಅಂತ ಗೊತ್ತಾಗ್ತಿಲ್ಲ ಅಂತ ಒಂದು ಮೆಸೇಜು. ರೀಸ್ಟಾರ್ಟ್, ಪವರ್ ಬಟನ್ ಒತ್ತಿ ಹಿಡ್ಕೊಳ್ಳೋದು, ಬ್ಯಾಟರಿ ಡ್ರೈವರ್ ತೆಗ್ದು ಹಾಕೋದು ಎಲ್ಲ ಆಯ್ತು, ಏನೂ ಆಗ್ಲಿಲ್ಲ.

ಅಂಗಡೀಲಿ ಅವ್ನು ಹಿಂದಿನ ಕವರ್ ಬಿಚ್ಚಿ, ಮಲ್ಟಿಮೀಟರ್ ಎರಡು ಕಡೆ ಮುಟ್ಟಿಸಿ, "ಸಾರ್ ಚಾರ್ಜಿಂಗ್ ಐಸಿ ಶಾರ್ಟು, ಹಂಗೇ ಬಿಟ್ರೆ ಮದರ್‌ಬೋರ್ಡೇ ಹೋಗತ್ತೆ" ಅಂದ. (ಚಾರ್ಜಿಂಗ್ ಐಸಿ ಅಂದ್ರೆ ಬ್ಯಾಟರಿ ಚಾರ್ಜ್ ಆಗೋದನ್ನ ನೋಡ್ಕೊಳ್ಳೋ ಬೋರ್ಡ್ ಮೇಲಿನ ಪುಟ್ಟ ಚಿಪ್ಪು.) ಅಲ್ಲಪ್ಪ ಚಾರ್ಜರ್ ಮೇಲೆ ಓಡ್ತಿದೆಯಲ್ಲ ಅಂದ್ರೆ "ಅದೇ ಸಾರ್ ಡೇಂಜರ್ರು" ಅಂತೆ. ಚಾರ್ಜರ್ ಚೆಕ್ ಮಾಡಿ ಅಂದೆ, "ಲೈಟ್ ಉರೀತಿದೆ ಸಾರ್, ಚಾರ್ಜರ್ ಪಕ್ಕಾ ಇದೆ" ಅಂದ. ಬೋರ್ಡ್ ಹೋದ್ರೆ ಇಪ್ಪತ್ತು ಸಾವಿರ ಅಂತ ಹೆದರಿಸಿದ್ಮೇಲೆ ಯಾರು ತಾನೇ ಬೇಡ ಅಂತಾರೆ? ಬಿಲ್ ಕೇಳಿದ್ರೆ "ಜಿಎಸ್‌ಟಿ ಬಿಲ್ ಬೇಕಂದ್ರೆ 18% ಎಕ್ಸ್‌ಟ್ರಾ", ಕೈಗೆ ಸಿಕ್ಕಿದ್ದು ಒಂದು ಹರ್ಕಲು ಎಸ್ಟಿಮೇಟ್ ಚೀಟಿ.

ವಾಪಸ್ ತರೋ ದಿನ ನೋಡಿ. ಟೇಬಲ್ ಮೇಲೆ ಲ್ಯಾಪ್‌ಟಾಪ್, ಚಾರ್ಜರ್ ಚುಚ್ಚಿದೆ, ಪಕ್ಕದಲ್ಲಿ ಲೈಟ್ ಉರೀತಿದೆ, ಪರ್ಸೆಂಟೇಜ್ ಏರ್ತಿದೆ. "ನೋಡ್ಕೊಳ್ಳಿ ಸಾರ್, ಬೆಣ್ಣೆ ತರ ಚಾರ್ಜ್ ಆಗ್ತಿದೆ" ಅಂದ. ಯುಪಿಐ ಮಾಡಿ ಥ್ಯಾಂಕ್ಸ್ ಬೇರೆ ಹೇಳಿ ಬಂದೆ!! ಮನೆಗೆ ಬಂದು ಬ್ಯಾಗಿಂದ ನನ್ನ ಚಾರ್ಜರ್ ತೆಗ್ದು ಹಾಕ್ತೀನಿ, ನಾಟ್ ಚಾರ್ಜಿಂಗ್. ಮತ್ತೆ ಹಾಕ್ದೆ, ನಾಟ್ ಚಾರ್ಜಿಂಗ್. ನನ್ನ ಚಾರ್ಜರ್ ವೈರಿಗೆ ನಾನೇ ಸುತ್ತಿದ್ದ ರಬ್ಬರ್ ಬ್ಯಾಂಡ್ ಬಿಚ್ಚೇ ಇರ್ಲಿಲ್ಲ ಅನ್ನೋದು ಆಗ ತಲೆಗೆ ಬಂತು. ಟೇಬಲ್ ಮೇಲೆ ಚುಚ್ಚಿದ್ದು ಅವ್ನ ಚಾರ್ಜರ್ರು! ನಂದು ಬ್ಯಾಗಿಂದ ಹೊರಗೇ ಬಂದಿಲ್ಲ. ಮನೇಲಿ ತಮ್ಮ ಬಿದ್ದು ಬಿದ್ದು ನಗ್ತಾನೆ, ನಂಗೆ ಮುಖ ಎಲ್ಲಿಟ್ಕೊಳ್ಳೋದು ಗೊತ್ತಾಗ್ಲಿಲ್ಲ.

ಫೋನ್ ಮಾಡಿದ್ರೆ ಉತ್ರ ಕೇಳಿ. ಮೊದಲು "ನಿಮ್ಮ ಮನೆ ವೋಲ್ಟೇಜ್ ಸರಿ ಇಲ್ಲ ಸಾರ್". ಆಮೇಲೆ "ಹಂಗಾದ್ರೆ ಐಸಿ ಮತ್ತೆ ಹೋಗಿರತ್ತೆ, ತನ್ನಿ, ಅರ್ಧ ರೇಟಲ್ಲಿ ಮಾಡ್ಕೊಡ್ತೀನಿ". ಅರ್ಧ ರೇಟಂತೆ! ತೆಗ್ದಿದ್ದ ಹಳೇ ಐಸಿ ಕೊಡಪ್ಪ ಅಂದೆ, "ಅಷ್ಟು ಚಿಕ್ದು ಸಾರ್, ಕಸದಲ್ಲಿ ಹೋಯ್ತು". ಕೊನೇಗೆ "ಚಿಪ್ ಲೆವೆಲ್ ಕೆಲ್ಸಕ್ಕೆ ವಾರಂಟಿ ಇಲ್ಲ, ಚೀಟಿ ಹಿಂದೆ ಬರ್ದಿದೆ ಓದಿ".

ಆಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ತಗೊಂಡು ಹೋದೆ. ಅಲ್ಲಿ ರಿಪೇರಿ ಮಾಡೋ ಒಬ್ಬ ವಯಸ್ಸಾದವ್ರು ಲ್ಯಾಪ್‌ಟಾಪ್ ಮುಟ್ಟೋಕೆ ಮುಂಚೆ ಚಾರ್ಜರ್ ಕೇಳಿದ್ರು. ತುದಿ ತಿರುಗ್ಸಿ ಬೆಳಕಿಗೆ ಹಿಡಿದು ತೋರ್ಸಿದ್ರು, ಒಳಗೆ ಮಧ್ಯದಲ್ಲಿರೋ ಸೂಜಿಯಂಥ ಪಿನ್ನು ಒಂದು ಪಕ್ಕಕ್ಕೆ ಮಲಗಿತ್ತು. ಡೆಲ್, ಎಚ್‌ಪಿ ಚಾರ್ಜರ್‌ಗಳಲ್ಲಿ ದುಂಡನೆ ತುದಿ ಇರೋ ಬಹಳಷ್ಟಕ್ಕೆ ಈ ಪಿನ್ನು ಇರತ್ತೆ, ಇದು ಎಷ್ಟು ವಾಟ್ ಅಂತ ಲ್ಯಾಪ್‌ಟಾಪಿಗೆ ಹೇಳೋ ದಾರಿ ಅದು. ಆ ಮಾಹಿತಿ ಸಿಗ್ದಿದ್ರೆ ಎಷ್ಟೋ ಮಾಡೆಲ್‌ಗಳು ಕರೆಂಟ್ ತಗೊಂಡು ಓಡ್ತವೆ, ಬ್ಯಾಟರಿ ತುಂಬ್ಸಲ್ಲ, ಕೆಲವು ಸ್ಲೋನೂ ಆಗ್ತವೆ. ಅಂದ್ರೆ ಆನ್ ಮಾಡ್ದಾಗ ಬರ್ತಿದ್ದ ಮೆಸೇಜು ನೆಟ್ಟಗೆ ಅದನ್ನೇ ಹೇಳ್ತಿತ್ತು! ಅವ್ರ 65 ವಾಟ್ ಚಾರ್ಜರ್ ಹಾಕಿದ ಕೂಡ್ಲೇ ಚಾರ್ಜ್ ಶುರು. ಬೋರ್ಡ್ ಬಿಚ್ಚಿ ನೋಡಿ, ಚಾರ್ಜಿಂಗ್ ಐಸಿ ಹತ್ರ ಬೆಸುಗೆ ಹಾಕಿದ ಗುರ್ತೇ ಇಲ್ಲ ಅಂದ್ರು. ಇನ್ನೊಂದು ಚಾರ್ಜರಿಗೆ 1,400 ಕೊಟ್ಟೆ, ಮುಗೀತು. ಅಂದ್ರೆ ಆ ಇನ್ನೊಬ್ಬ ಮಹಾಶಯ ಏನೂ ಮಾಡ್ದೇನೇ, ತನ್ನ ಚಾರ್ಜರ್ ಚುಚ್ಚಿ ತೋರ್ಸೋಕೆ 5,800 ಇಸ್ಕೊಂಡಿದಾನೆ. ಚಾರ್ಜರ್ ಹೋಗಿದೆ ಅಂತ ಅವ್ನಿಗೆ ಮೊದಲ ದಿನವೇ ಗೊತ್ತಿತ್ತು ಅಂತ ನಂಗೆ ಖಾತ್ರಿ.

ಚಾರ್ಜರ್ ಮೇಲೆ ಲೈಟ್ ಉರಿದ್ರೆ ಚಾರ್ಜರ್ ಸರಿ ಇದೆ ಅಂತ ಅಲ್ಲ. ಅದೇ ವಾಟಿನ ಬೇರೆ ಚಾರ್ಜರ್ ಫ್ರೆಂಡ್ ಹತ್ರ ಇಸ್ಕೊಂಡು ಹಾಕಿ ನೋಡಿ. ಟೈಪ್ ಸಿ ಆದ್ರೆ ಫೋನಿನ ಚಾರ್ಜರಿಂದ ಪರೀಕ್ಷೆ ಮಾಡ್ಬೇಡಿ, ಅದ್ರ ಪವರ್ ಬಹಳಷ್ಟು ಲ್ಯಾಪ್‌ಟಾಪಿಗೆ ಸಾಲಲ್ಲ. 60 ಇಲ್ಲ 80 ಪರ್ಸೆಂಟಿಗೆ ನಿಲ್ತಿದ್ರೆ ಬ್ಯಾಟರಿ ಉಳ್ಸೋ ಸೆಟ್ಟಿಂಗ್ ಆನ್ ಇರ್ಬಹುದು, ಅದಕ್ಕೆ ಅಂಗಡಿಗೇ ಹೋಗ್ಬೇಡಿ, ಹೋದ್ರೆ ಅದಕ್ಕೂ ಐಸಿ ಅಂತಾರೆ. ರಿಪೇರಿ ಆದ್ಮೇಲೆ ನಿಮ್ಮದೇ ಚಾರ್ಜರ್ ಹಾಕಿಸಿ ನೋಡದೆ ಒಂದು ರೂಪಾಯಿ ಕೊಡ್ಬೇಡಿ. ಬಿಲ್ ಕೊಡಲ್ಲ ಅಂದ್ರೆ ಎದ್ದು ಬನ್ನಿ.

1915 ಗ್ರಾಹಕ ಸಹಾಯವಾಣಿಗೆ ಯುಪಿಐ ಸ್ಕ್ರೀನ್‌ಶಾಟು, ಚೀಟಿ ಫೋಟೋ, ವಾಟ್ಸಾಪ್ ಚಾಟು ಎಲ್ಲ ಹಾಕಿ ಕಂಪ್ಲೇಂಟ್ ಕೊಟ್ಟಿದೀನಿ. ಅದು ಗೊತ್ತಾದ್ಮೇಲೆ ಇವತ್ತು ಬೆಳಿಗ್ಗೆ ಅವ್ನ ಮೆಸೇಜು, "ಸಾರ್ ಯಾಕೆ ಅಷ್ಟು ದೂರ ಹೋಗ್ತೀರಾ, ಬನ್ನಿ ಟೀ ಕುಡ್ಕೊಂಡು ಮಾತಾಡೋಣ, 2,000 ವಾಪಸ್ ಕೊಡ್ತೀನಿ" ಅಂತೆ. ಪೂರ್ತಿ 5,800 ಬರೋವರ್ಗೂ ಕಂಪ್ಲೇಂಟ್ ವಾಪಸ್ ತಗೊಳಲ್ಲ ಅಂತ ಕಳ್ಸಿದೀನಿ.